ಅರ್ಧ ಕೇಬಲಿನಿಂದ ಐವತ್ತೆರಡು ಸೆಕ್ಟರ್‌ಗಳವರೆಗೆ: ಗುರುತು ಸಿಗದ ಒಂದು ಹಾರ್ಡ್ ಡಿಸ್ಕಿನ ಪ್ರಕರಣ

ಉಡುಪಿಯ ನನ್ನ ರಿಪೇರಿ ಅಂಗಡಿಗೆ ಈ ಹಾರ್ಡ್ ಡಿಸ್ಕ್ ಬಂದದ್ದು ಜೂನ್ ತಿಂಗಳ ಕೊನೆಯ ವಾರದಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ. ತಂದವರು ಬ್ರಹ್ಮಾವರ ಕಡೆಯ ನಿವೃತ್ತ ಹೈಸ್ಕೂಲ್ ಮಾಷ್ಟ್ರು. ಡಿಸ್ಕನ್ನು ಎರಡು ಪ್ಲಾಸ್ಟಿಕ್ ತೊಟ್ಟೆಗಳೊಳಗೆ ಹಾಕಿ, ಅದರ ಮೇಲೆ ಬೈರಾಸು ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡೇ ಬಂದಿದ್ದರು. ಅದು 1 ಟಿಬಿ ಸಾಮರ್ಥ್ಯದ, 2.5 ಇಂಚಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. "ಎಂತ ಮಾಡುದು ಮಾರಾಯ್ರೆ, ಲೈಟ್ ಉರಿತದೆ, ಕಂಪ್ಯೂಟರಿಗೆ ಮಾತ್ರ ಇದು ಉಂಟು ಅಂತಲೇ ಗೊತ್ತಾಗುದಿಲ್ಲ" ಎಂದರು.

ಒಳಗಿದ್ದದ್ದು ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನದ, ಧ್ವನಿಮುದ್ರಣಗಳು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ಮನೆ, ಮಠ, ದೇವಸ್ಥಾನದ ಚಾವಡಿಗಳಲ್ಲಿ ನಡೆದ ಕೂಟಗಳಿಗೆ ಮಾಷ್ಟ್ರು ಸಣ್ಣ ರೆಕಾರ್ಡರ್ ಹಿಡಿದು ಹೋಗುತ್ತಿದ್ದರು. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯಗಳು ಪ್ರಸಂಗದ ಪುಸ್ತಕದಲ್ಲಿ ಇರುತ್ತವೆ. ಆದರೆ ಅರ್ಥಧಾರಿಗಳು ಆಡುವ ಮಾತು ಆ ಕ್ಷಣಕ್ಕೆ ಹುಟ್ಟುವಂಥದ್ದು, ಅದಕ್ಕೆ ಬರಹದ ಪ್ರತಿ ಎಂಬುದಿಲ್ಲ. ಅದೇ ಕರ್ಣನ ಪಾತ್ರವನ್ನು ಅದೇ ಅರ್ಥಧಾರಿ ಮರುದಿನ ಬೇರೆ ರೀತಿ ಕಟ್ಟುತ್ತಾರೆ. ಆದುದರಿಂದ ಈ ಡಿಸ್ಕಿನಲ್ಲಿದ್ದ 604 ಧ್ವನಿ ಫೈಲುಗಳಲ್ಲಿ ಬಹುಪಾಲಿಗೆ ಲೋಕದಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ರೆಕಾರ್ಡರಿನ ಮೆಮೊರಿ ತುಂಬಿದಾಗಲೆಲ್ಲ ಫೈಲುಗಳನ್ನು ಇದಕ್ಕೆ ಹಾಕಿ ಅಲ್ಲಿಂದ ಅಳಿಸುವುದು ಅವರ ರೂಢಿ. ಕುಟುಂಬದ ಫೋಟೋಗಳೂ ಮಗಳ ಮದುವೆಯ ವಿಡಿಯೊವೂ ಅದರಲ್ಲೇ ಇದ್ದವು.

"ಗುರುತು ಸಿಗುತ್ತಿಲ್ಲ" ಎಂಬ ಒಂದೇ ಮಾತಿನ ಹಿಂದೆ ಹಲವು ಬೇರೆ ಬೇರೆ ಸ್ಥಿತಿಗಳು ಇರುತ್ತವೆ. ಡಿಸ್ಕಿಗೆ ಸಾಕಷ್ಟು ಕರೆಂಟು ಸಿಗದೆ ಮೋಟಾರ್ ತಿರುಗದೇ ಇರಬಹುದು. ತಿರುಗಿದರೂ, ಡಿಸ್ಕ್ ಮತ್ತು ಯುಎಸ್‌ಬಿ ನಡುವೆ ಮಾತು ದಾಟಿಸುವ ಸಣ್ಣ ಬೋರ್ಡ್ ಕೆಟ್ಟಿರಬಹುದು. ಬೋರ್ಡ್ ಸರಿ ಇದ್ದು, ತಟ್ಟೆಯಿಂದ ಮಾಹಿತಿ ಎತ್ತುವ ಒಳಗಿನ ಹೆಡ್ ಓದಲಾರದೆ ಹೋಗಿರಬಹುದು. ಎಲ್ಲವೂ ಓದುತ್ತಿದ್ದು, ಡಿಸ್ಕನ್ನು ಯಾವ ಭಾಗಗಳಾಗಿ ಹಂಚಿದೆ ಎಂದು ಹೇಳುವ ಪಾರ್ಟಿಷನ್ ಪಟ್ಟಿ ಮಾತ್ರ ಹಾಳಾಗಿರಬಹುದು. ಪಾರ್ಟಿಷನ್ ಇದ್ದು ಅದರೊಳಗಿನ ಫೈಲ್ ಸಿಸ್ಟಮ್, ಅಂದರೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ವಿಂಡೋಸಿಗೆ ಅರ್ಥವಾಗದೆ ರಾ (ಕಚ್ಚಾ) ಎಂದು ತೋರಿಸುತ್ತಿರಬಹುದು. ಅಥವಾ ಇದಾವುದೂ ಅಲ್ಲದೆ, ಡ್ರೈವಿಗೆ ಡಿ, ಇ ಎಂಬಂಥ ಅಕ್ಷರ ಸಿಗದೇ ಹೋಗಿರುವಷ್ಟೇ ಆಗಿರಬಹುದು. ಕೊನೆಯದಕ್ಕೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಒಂದು ಅಕ್ಷರ ಕೊಟ್ಟರೆ ಎರಡು ನಿಮಿಷದ ಕೆಲಸ. ಹೆಡ್ಡಿನ ದೋಷಕ್ಕಾದರೆ ಧೂಳಿಲ್ಲದ ಕೋಣೆಯೇ ಬೇಕು. ಇವೆರಡನ್ನೂ ಗ್ರಾಹಕರು ವಿವರಿಸುವುದು ಒಂದೇ ವಾಕ್ಯದಲ್ಲಿ. ಹಾಗಾಗಿ ಡಿಸ್ಕನ್ನು ಮುಟ್ಟುವ ಮೊದಲು, ಈವರೆಗೆ ಅದಕ್ಕೆ ಏನೇನು ಮಾಡಿದ್ದಾರೆ ಎಂಬುದನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಮಾಷ್ಟ್ರ ಉತ್ತರ ಹೀಗಿತ್ತು. ಡಿಸ್ಕ್ ಕೆಳಗೆ ಬಿದ್ದಿಲ್ಲ. ಆರು ತಿಂಗಳ ಹಿಂದೆ ಮೂಲ ಕೇಬಲ್ ಕಾಣೆಯಾಗಿತ್ತು. ಆಮೇಲೆ ಮೊಮ್ಮಗ ಬೇರೊಂದು ಕೇಬಲಿನಲ್ಲಿ ಜೋಡಿಸಿದಾಗ ಕೆಲವೊಮ್ಮೆ ಕಂಪ್ಯೂಟರ್ "ಡಿಂಗ್" ಎಂದು ಸದ್ದು ಮಾಡುತ್ತಿತ್ತು, ಕೆಲವೊಮ್ಮೆ ಏನೂ ಇಲ್ಲ, ಡಿಸ್ಕಿನೊಳಗಿನಿಂದ ಟಿಕ್ ಟಿಕ್ ಎಂಬ ಶಬ್ದ. ಒಂದೇ ಒಂದು ಸಲ ಡಿಸ್ಕ್ ಕಾಣಿಸಿಕೊಂಡು, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಎಂದು ಕೇಳಿತು. ಮಾಷ್ಟ್ರು ಅದನ್ನು ರದ್ದು ಮಾಡಿಸಿದರು. ಬಳಿಕ ಒಂದು ಅಂಗಡಿಗೆ ಕೊಂಡುಹೋದಾಗ ಅಲ್ಲಿಯವರು ವಿಂಡೋಸಿನ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಲು ಹೊರಟರು. ರಾ ಡ್ರೈವಿಗೆ ಚೆಕ್‌ಡಿಸ್ಕ್ ಲಭ್ಯವಿಲ್ಲ ಎಂಬ ಸಂದೇಶ ಬಂದು ಅದು ಅಲ್ಲಿಗೇ ನಿಂತಿತು.

ಈ ಎರಡು ಸಂಗತಿಗಳ ಬೆಲೆ ನನಗೆ ಗೊತ್ತಾದದ್ದು ಮೂರು ದಿನಗಳ ನಂತರ. ಮಾಷ್ಟ್ರು ಆ ದಿನ ಫಾರ್ಮ್ಯಾಟಿಗೆ ಒಪ್ಪಿದ್ದರೆ, ಅದು ಕ್ವಿಕ್ ಫಾರ್ಮ್ಯಾಟೇ ಆಗಿದ್ದರೂ, ಹೊಸ ಫೈಲ್ ಪಟ್ಟಿಯ ಆರಂಭ ಹಳೆಯ ಪಟ್ಟಿಯ ಆರಂಭದ ಮೇಲೆಯೇ ಬಂದು ಕೂರುತ್ತಿತ್ತು. ಚೆಕ್‌ಡಿಸ್ಕ್ ಓಡಿದ್ದರೆ, ಓದಲಾಗದ ದಾಖಲೆಗಳನ್ನು ಅದು ಕೆಟ್ಟವೆಂದು ತೀರ್ಮಾನಿಸಿ ಅದೇ ಡಿಸ್ಕಿನ ಮೇಲೆ ತಿದ್ದಲು ತೊಡಗುತ್ತಿತ್ತು. ಚೆಕ್‌ಡಿಸ್ಕ್ ಫೈಲ್ ಸಿಸ್ಟಮನ್ನು ಸರಿಪಡಿಸಲು ಇರುವ ಸಾಧನ, ಡೇಟಾ ಉಳಿಸಲು ಇರುವುದಲ್ಲ. ಸಾಯುತ್ತಿರುವ ಡಿಸ್ಕಿಗೆ ಅದನ್ನು ಹಚ್ಚುವುದನ್ನು ನಮ್ಮ ವೃತ್ತಿಯವರು ನಿಲ್ಲಿಸಬೇಕೆಂದು ನಾನು ಬಹಳ ಸಲ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಕೇಬಲ್ ಮತ್ತು ಬೋರ್ಡ್

ಮೊಮ್ಮಗ ಬಳಸಿದ ಕೇಬಲನ್ನೂ ತರಲು ಹೇಳಿದ್ದು ಒಳ್ಳೆಯದಾಯಿತು. ಅದು ಹಳೆಯ ಮೊಬೈಲಿನ ಚಾರ್ಜರ್ ಕೇಬಲ್. ಇಂಥ ಡಿಸ್ಕುಗಳ ಅಗಲವಾದ ಯುಎಸ್‌ಬಿ 3.0 ಪೋರ್ಟ್ ಅಕ್ಕಪಕ್ಕ ಇಟ್ಟ ಎರಡು ಗೂಡುಗಳಂತೆ ಇರುತ್ತದೆ. ಅದರ ದೊಡ್ಡ ಗೂಡಿಗೆ ಸಾಮಾನ್ಯ ಮೈಕ್ರೊ ಯುಎಸ್‌ಬಿ ಪಿನ್ ಸರಿಯಾಗಿ ಕೂರುತ್ತದೆ, ಉಳಿದ ಅರ್ಧ ಖಾಲಿ ಇರುತ್ತದೆ. ಇದು ತಪ್ಪಲ್ಲ, ಆ ಪೋರ್ಟನ್ನು ಹಾಗೆಯೇ ರೂಪಿಸಿದ್ದಾರೆ. ಆದರೆ ಆಗ ಡಿಸ್ಕ್ ಯುಎಸ್‌ಬಿ 2.0ರ ಲೆಕ್ಕದಲ್ಲಿ ಕೆಲಸ ಮಾಡಬೇಕು, ಅಂದರೆ ಕಂಪ್ಯೂಟರ್ 500 ಮಿಲಿಆಂಪಿಯರ್ ಕೊಡುವುದಷ್ಟೇ ಖಾತ್ರಿ, ಯುಎಸ್‌ಬಿ 3.0ರಲ್ಲಿ ಅದು 900. ನಿಂತ ಡಿಸ್ಕ್ ತಿರುಗಲು ತೊಡಗುವ ಒಂದೆರಡು ಸೆಕೆಂಡುಗಳಲ್ಲಿ 2.5 ಇಂಚಿನ ಡಿಸ್ಕ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಚಾರ್ಜರ್ ಕೇಬಲಿನ ತಂತಿ ತೆಳು, ಉದ್ದ ಹೆಚ್ಚು. 5 ವೋಲ್ಟ್ ಅದರಲ್ಲಿ ದಾಟುವಾಗಲೇ ಇಳಿದುಬಿಡುತ್ತದೆ. ಮೋಟಾರ್ ವೇಗಕ್ಕೆ ಬರುವ ಮೊದಲೇ ಕರೆಂಟು ಸಾಲದೆ ಹೆಡ್ ಹಿಂದಕ್ಕೆ ಸರಿಯುತ್ತದೆ, ಡಿಸ್ಕ್ ಮತ್ತೆ ಪ್ರಯತ್ನಿಸುತ್ತದೆ. ಹೊರಗಿನವರಿಗೆ ಕೇಳಿಸುವುದು ಟಿಕ್ ಟಿಕ್.

ಹೆಡ್ ಕೆಟ್ಟಾಗಲೂ ಇದೇ ಶಬ್ದ. ವ್ಯತ್ಯಾಸ ತಿಳಿಯಬೇಕಾದರೆ ಒಳ್ಳೆಯ ಕೇಬಲಿನಲ್ಲಿ, ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟಿಗೆ ಒಂದೇ ಒಂದು ಸಲ ಜೋಡಿಸಿ ಕಿವಿಗೊಟ್ಟು ಕೇಳಬೇಕು. ಸರಿಯಾದ ಕರೆಂಟು ಸಿಕ್ಕ ಮೇಲೂ ಲಯಬದ್ಧವಾಗಿ ಟಿಕ್ಕೆನ್ನುತ್ತಿದ್ದರೆ ತಕ್ಷಣ ಕಿತ್ತು, ಲ್ಯಾಬಿಗೆ ಕಳುಹಿಸಲು ಹೇಳಬೇಕೆಂದು ಮಾಷ್ಟ್ರಿಗೆ ಮೊದಲೇ ತಿಳಿಸಿದ್ದೆ. ತಟ್ಟೆಯ ಮೇಲೆ ಹೆಡ್ ಹಾರುವ ಎತ್ತರ ಕೆಲವೇ ನ್ಯಾನೊಮೀಟರ್. ಅಲ್ಲಿ ಪೆಟ್ಟಾಗಿದ್ದರೆ ಪ್ರತಿ ಸಲದ ಪ್ರಯತ್ನವೂ ಮಾಹಿತಿಯ ಪದರವನ್ನೇ ಕೆರೆದು ತೆಗೆಯುತ್ತದೆ. ಅಂಥ ಡಿಸ್ಕನ್ನು ಮುಚ್ಚಳ ಬಿಚ್ಚಿ ನೋಡುವ ಕೆಲಸ ಅಂಗಡಿಯ ಮೇಜಿನದ್ದಲ್ಲ. ನಮ್ಮ ಪುಣ್ಯಕ್ಕೆ ಈ ಡಿಸ್ಕ್ ಒಂದು ಸಲ ಹೂಂಗುಟ್ಟಿ, ಸಮನಾದ ವೇಗಕ್ಕೆ ಬಂದು, ಸದ್ದಿಲ್ಲದೆ ತಿರುಗಿತು.

ಆದರೂ ಕಂಪ್ಯೂಟರಿಗೆ ಅದು ನಿಲ್ಲುತ್ತಿರಲಿಲ್ಲ. ನಾನು ಇಂಥ ಕೆಲಸಕ್ಕೆ ಲಿನಕ್ಸ್ ಬಳಸುತ್ತೇನೆ. ಜೋಡಿಸಿದ ಡಿಸ್ಕನ್ನು ತಾನಾಗಿ ತೆರೆಯದಂತೆ ಅದನ್ನು ಮೊದಲೇ ಕಟ್ಟಿಟ್ಟಿರುತ್ತೇನೆ. ಅದರ ಕರ್ನಲ್ ಸಂದೇಶಗಳಲ್ಲಿ ಡಿಸ್ಕ್ ಬಂದದ್ದು, 931 ಜಿಬಿ ಎಂದು ಗಾತ್ರ ಹೇಳಿದ್ದು, ಅರ್ಧ ನಿಮಿಷಕ್ಕೆ ಯುಎಸ್‌ಬಿ ರೀಸೆಟ್ ಆದದ್ದು, ಮತ್ತೆ ಬಂದದ್ದು ಸಾಲುಸಾಲಾಗಿ ಕಂಡವು. ಪೋರ್ಟಿನೊಳಗೆ ಭೂತಗನ್ನಡಿ ಹಿಡಿದು ನೋಡಿದರೆ ಎರಡು ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ಕರಾವಳಿಯ ಉಪ್ಪುಗಾಳಿಯೂ ಮಳೆಗಾಲದ ತೇವವೂ ಸೇರಿ ಮಾಡುವ ಕೆಲಸವಿದು. ಕಬ್ಬಿಣದ ಕಪಾಟಿನಲ್ಲಿ ಜೋಪಾನವಾಗಿ ಇಟ್ಟ ಡಿಸ್ಕನ್ನೂ ಅದು ಬಿಡುವುದಿಲ್ಲ.

ಮುಂದಿನ ಹೆಜ್ಜೆ ಪ್ಲಾಸ್ಟಿಕ್ ಕವಚ ಬಿಡಿಸಿ ಡಿಸ್ಕನ್ನು ಹೊರತೆಗೆಯುವುದು. ಹೀಗೆ ಮಾಡುವ ಮೊದಲು ಎರಡು ವಿಷಯ ತಿಳಿದಿರಬೇಕು. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಸ್ವಂತ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಡಿಸ್ಕನ್ನು ಕಂಪ್ಯೂಟರಿಗೆ ನೇರವಾಗಿ ಜೋಡಿಸುವ ಸಾಟಾ ಕನೆಕ್ಟರ್ ಇರುವುದೇ ಇಲ್ಲ. ಇನ್ನು ಕೆಲವು ಮಾದರಿಗಳಲ್ಲಿ, ಬಳಕೆದಾರರು ಪಾಸ್‌ವರ್ಡ್ ಇಡದಿದ್ದರೂ, ನಡುವಿನ ಬೋರ್ಡ್ ಮಾಹಿತಿಯನ್ನೆಲ್ಲ ಗೂಢಲಿಪಿಗೆ ತಿರುಗಿಸಿಯೇ ಬರೆಯುತ್ತದೆ. ಆ ಬೋರ್ಡನ್ನು ಬದಿಗಿಟ್ಟು ನೇರವಾಗಿ ಓದಿದರೆ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಹಾಗಾಗಿ ಕಿತ್ತ ಬೋರ್ಡನ್ನು ಯಾವ ಕಾರಣಕ್ಕೂ ಎಸೆಯಬಾರದು. ಮಾಷ್ಟ್ರ ಡಿಸ್ಕಿನಲ್ಲಿ ಸಾಟಾ ಕನೆಕ್ಟರ್ ಇತ್ತು. ನೇರವಾಗಿ ಜೋಡಿಸಿ ಮೊದಲ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದುವ ಅತಿ ಸಣ್ಣ ತುಂಡು) ಓದಿದಾಗ ಅದರ ಕೊನೆಯಲ್ಲಿ 55 ಎಎ ಎಂಬ ಸಹಿ, ಅದಕ್ಕಿಂತ ಮೊದಲು ಒಂದೇ ಪಾರ್ಟಿಷನ್ನಿನ ವಿವರ, ಆ ಪಾರ್ಟಿಷನ್ನಿನ ಬೂಟ್ ಸೆಕ್ಟರಿನಲ್ಲಿ ವಿಂಡೋಸಿನ ಫೈಲ್ ಸಿಸ್ಟಮಿನ ಹೆಸರಾದ ಎನ್‌ಟಿಎಫ್‌ಎಸ್ ಎಂಬ ಅಕ್ಷರಗಳು ಸ್ಪಷ್ಟವಾಗಿ ಕಂಡವು. ಗೂಢಲಿಪಿ ಇಲ್ಲ. ಯುಎಸ್‌ಬಿ ಬೋರ್ಡ್ ಮಾತ್ರವೇ ಅಪರಾಧಿ ಎಂದು ಅರ್ಧ ಗಂಟೆ ನಂಬಿದ್ದೆ.

ಡಿಸ್ಕ್ ತನ್ನ ಬಗ್ಗೆ ತಾನೇ ಇಡುವ ಸ್ಮಾರ್ಟ್ ದಾಖಲೆ ನೋಡಿದಾಗ ಆ ನಂಬಿಕೆ ಹೋಯಿತು. 199ನೆಯ ಸಾಲು, ಅಂದರೆ ತಂತಿಯ ದಾರಿಯಲ್ಲಿ ಮಾಹಿತಿ ಕೆಟ್ಟದ್ದರ ಎಣಿಕೆ, ಸಾವಿರ ದಾಟಿತ್ತು. ಅದು ಕೆಟ್ಟ ಬೋರ್ಡಿನ ಲೆಕ್ಕ. ಆದರೆ 197ನೆಯ ಸಾಲು, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳ ಎಣಿಕೆ, ಸೊನ್ನೆಯಿರಬೇಕಾದಲ್ಲಿ ಮೂರಂಕಿಯಲ್ಲಿತ್ತು. ಕರೆಂಟು ಸಾಲದೆ ಮತ್ತೆ ಮತ್ತೆ ಎದ್ದು ಬಿದ್ದ ತಿಂಗಳುಗಳಲ್ಲಿ ತಟ್ಟೆಯೂ ನೊಂದಿತ್ತು.

ಮೊದಲು ಪ್ರತಿ

ಇಲ್ಲಿಂದ ಮುಂದೆ ಮೂಲ ಡಿಸ್ಕಿನಿಂದ ಒಂದೇ ಒಂದು ಫೈಲನ್ನೂ ತೆರೆದು ನೋಡಲಿಲ್ಲ. "ಮುಖ್ಯವಾದ ನಾಲ್ಕು ಪ್ರಸಂಗ ಆದರೂ ಮೊದಲು ತೆಗೀಲಿಕ್ಕೆ ಆಗ್ತದಾ?" ಎಂದು ಮಾಷ್ಟ್ರು ಫೋನಿನಲ್ಲಿ ಕೇಳಿದರು. ಆಗುವುದಿಲ್ಲ ಎಂದೇ ಹೇಳಿದೆ, ಕಾರಣವನ್ನೂ ಹೇಳಿದೆ: ಫೈಲು ಫೈಲಾಗಿ ತೆಗೆಯಹೊರಟರೆ ಹೆಡ್ ಪಟ್ಟಿಗೂ ಫೈಲಿಗೂ ನಡುವೆ ಓಡಾಡುತ್ತಲೇ ಇರಬೇಕಾಗುತ್ತದೆ, ಕೆಟ್ಟ ಜಾಗ ಸಿಕ್ಕಾಗ ಅಲ್ಲೇ ತಡವರಿಸುತ್ತದೆ, ಆ ತಡವರಿಕೆಯಲ್ಲೇ ಡಿಸ್ಕ್ ಸತ್ತರೆ ಉಳಿದ ಆರುನೂರೂ ಹೋಗುತ್ತವೆ. ಆರಂಭದಿಂದ ಕೊನೆಯವರೆಗೆ 1,95,35,25,168 ಸೆಕ್ಟರ್‌ಗಳನ್ನು, ಒಳಗೇನಿದೆ ಎಂದು ಕೇಳದೆ, ಇನ್ನೊಂದು ದೊಡ್ಡ ಡಿಸ್ಕಿಗೆ ಇಮೇಜ್ ಆಗಿ, ಅಂದರೆ ಯಥಾಪ್ರತಿಯಾಗಿ, ಇಳಿಸಿಕೊಳ್ಳಬೇಕು.

ಅದಕ್ಕೆ ಬಳಸಿದ್ದು ಆಂಟೋನಿಯೊ ಡಿಯಾಸ್ ಡಿಯಾಸ್ ಬರೆದ, ಜಿಎನ್‌ಯು ಯೋಜನೆಯ ಉಚಿತ ತಂತ್ರಾಂಶ ಡಿಡಿರೆಸ್ಕ್ಯೂ. ಸಾಮಾನ್ಯ ಕಾಪಿ ತಂತ್ರಾಂಶ ಕೆಟ್ಟ ಸೆಕ್ಟರ್ ಸಿಕ್ಕಿದಲ್ಲಿ ಹಠಕ್ಕೆ ಬೀಳುತ್ತದೆ. ಇದು ಸುಲಭವಾಗಿ ಸಿಗುವುದನ್ನು ಮೊದಲು ಬಾಚಿಕೊಂಡು, ತೊಡಕಿನ ಜಾಗವನ್ನು ಹಾರಿ, ಅದರ ವಿಳಾಸವನ್ನು ಮ್ಯಾಪ್ ಫೈಲ್ ಎಂಬ ಪಠ್ಯಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯಬಹುದು. ಮಳೆಗಾಲದ ಉಡುಪಿಯಲ್ಲಿ ಇದು ಸಣ್ಣ ಮಾತಲ್ಲ. ಯುಪಿಎಸ್ ಇದ್ದರೂ ಆ ಎರಡು ರಾತ್ರಿಗಳಲ್ಲಿ ನಾನು ಒಂದು ಸಲ ಎಲ್ಲವನ್ನೂ ನಿಲ್ಲಿಸಿ ಮತ್ತೆ ಆರಂಭಿಸಬೇಕಾಯಿತು. ಡಿಸ್ಕ್ ಬಿಸಿಯಾಗದಂತೆ ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟಿದ್ದೆ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಡಿಸ್ಕ್ ಓಡುತ್ತದೆ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ನಮ್ಮ ಊರಿನ ತೇವದ ಗಾಳಿಯಲ್ಲಿ ತಣ್ಣಗಿನ ಲೋಹ ಹೊರಬಂದ ಕೂಡಲೇ ಬೆವರುತ್ತದೆ; ಆ ನೀರಹನಿ ಬೋರ್ಡಿನ ಮೇಲೆಯೂ ಕೂರಬಹುದು, ಒಳಗಿನ ತಟ್ಟೆಯ ಮೇಲೆಯೂ ಕೂರಬಹುದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮೊದಲ ಸುತ್ತು ಐದು ಗಂಟೆಯಲ್ಲಿ ಮುಗಿಯಿತು. ಓದದೆ ಉಳಿದದ್ದು ಸುಮಾರು 7 ಎಂಬಿ. ಒಂದು ಟಿಬಿಯಲ್ಲಿ ಇದು ಏನೂ ಅಲ್ಲ ಎನಿಸುತ್ತದೆ, ಆದರೆ ಮ್ಯಾಪ್ ಫೈಲಿನಲ್ಲಿ ಆ ಜಾಗಗಳ ವಿಳಾಸ ನೋಡಿದಾಗ ಎದೆ ಧಸಕ್ಕೆಂದಿತು. ಕೆಟ್ಟ ಜಾಗಗಳ ಒಂದು ಗೊಂಚಲು ಪಾರ್ಟಿಷನ್ನಿನ ಆರಂಭದಿಂದ ಸರಿಯಾಗಿ 3 ಜಿಬಿ ದೂರದಲ್ಲಿ, 3,22,12,25,472ನೆಯ ಬೈಟಿನಲ್ಲಿ, ತೊಡಗುತ್ತಿತ್ತು. ವಿಂಡೋಸ್ ಎನ್‌ಟಿಎಫ್‌ಎಸ್ ಪಾರ್ಟಿಷನ್ ಕಟ್ಟುವಾಗ ಜಾಗ ಹಂಚುವ ತುಂಡುಗಳಾದ ಕ್ಲಸ್ಟರುಗಳು 4 ಕೆಬಿಯವಾಗಿದ್ದರೆ ಸಾಮಾನ್ಯವಾಗಿ 7,86,432ನೆಯ ಕ್ಲಸ್ಟರಿನಲ್ಲಿ ಎಂಎಫ್‌ಟಿ ಎಂಬ ಫೈಲ್ ಪಟ್ಟಿಯನ್ನು ಇಡುತ್ತದೆ. ಗುಣಿಸಿದರೆ ಬರುವುದು ಇದೇ ಸಂಖ್ಯೆ. ಪ್ರತಿ ಫೈಲಿನ ಹೆಸರು, ತಾರೀಕು, ಅದರ ತುಂಡುಗಳು ಡಿಸ್ಕಿನಲ್ಲಿ ಎಲ್ಲೆಲ್ಲಿವೆ ಎಂಬುದೆಲ್ಲ ಇರುವುದು ಆ ಪಟ್ಟಿಯಲ್ಲಿ, ಒಂದೊಂದು ದಾಖಲೆಗೆ 1 ಕೆಬಿಯಂತೆ. ಕಂಪ್ಯೂಟರ್ 512 ಬೈಟಿನ ಸೆಕ್ಟರ್‌ಗಳಾಗಿ ಎಣಿಸಿದರೂ, ಈ ಡಿಸ್ಕಿನ ತಟ್ಟೆಯ ಮೇಲಿನ ಭೌತಿಕ ಸೆಕ್ಟರ್ 4096 ಬೈಟಿನದು. ಒಂದು ಸೆಕ್ಟರ್ ಹೋದರೆ ನಾಲ್ಕು ದಾಖಲೆಗಳು ಹೋದಂತೆ.

ಪಟ್ಟಿಯ ಮೊದಲ ನಾಲ್ಕು ದಾಖಲೆಗಳು, ಅಂದರೆ 0ಯಿಂದ 3ರವರೆಗಿನವು, ಮೊದಲ ಸೆಕ್ಟರಿನಲ್ಲಿವೆ. ಇವುಗಳಿಗೆ ಮಾತ್ರ ಎನ್‌ಟಿಎಫ್‌ಎಸ್ ಒಂದು ಪ್ರತಿಬಿಂಬವನ್ನು ಬೇರೆ ಕಡೆ ಇಟ್ಟಿರುತ್ತದೆ, ಈ ಡಿಸ್ಕಿನಲ್ಲಿ ಅದು ಪಾರ್ಟಿಷನ್ನಿನ ತಲೆಯಲ್ಲೇ, 2ನೆಯ ಕ್ಲಸ್ಟರಿನಲ್ಲಿತ್ತು. ಅದು ಚೆನ್ನಾಗಿ ಓದಿ ಬಂದಿತ್ತು. ನನ್ನ ಚಿಂತೆ ಎರಡನೆಯ ಸೆಕ್ಟರಿನದು. 4ರಿಂದ 7ರವರೆಗಿನ ದಾಖಲೆಗಳು ಅದರಲ್ಲಿವೆ, 5ನೆಯದು ಮೂಲ ಫೋಲ್ಡರಿನ ದಾಖಲೆ. ಮರದ ಬೊಡ್ಡೆ ಎಂದರೆ ಅದೇ. ಅದಕ್ಕೆ ಪ್ರತಿಬಿಂಬವಿಲ್ಲ. ಇವೆರಡೂ ಸೆಕ್ಟರ್‌ಗಳನ್ನು ಓದಲಾಗದೆ ವಿಂಡೋಸ್ ಆ ಪಾರ್ಟಿಷನ್ನನ್ನು ರಾ ಎಂದು ಕರೆದಿತ್ತು.

ಎರಡನೆಯ ಸುತ್ತಿನಲ್ಲಿ ತಂತ್ರಾಂಶ ಪ್ರತಿ ಕೆಟ್ಟ ಜಾಗದ ಅಂಚುಗಳನ್ನು ಸವರಿ, ಆಮೇಲೆ ಒಳಗನ್ನು ಸೆಕ್ಟರ್ ಸೆಕ್ಟರಾಗಿ ಕೆರೆದು ತಂದಿತು. 7 ಎಂಬಿ ಇದ್ದದ್ದು ಮುನ್ನೂರು ಚಿಲ್ಲರೆ ಕೆಬಿಗೆ ಇಳಿಯಿತು, ಎರಡನೆಯ ಸೆಕ್ಟರ್ ಮಾತ್ರ ಬರಲಿಲ್ಲ. ಮೂರನೆಯ ಸುತ್ತನ್ನು ಹಿಮ್ಮುಖವಾಗಿ, ಕೊನೆಯಿಂದ ಆರಂಭದ ಕಡೆಗೆ, ಮೂರು ಮರುಪ್ರಯತ್ನಗಳೊಂದಿಗೆ ಓಡಿಸಿದೆ. ಬೇರೆ ದಿಕ್ಕಿನಿಂದ ಸಮೀಪಿಸಿದಾಗ, ಮೊದಲು ಬಾರದ ಸೆಕ್ಟರ್‌ಗಳು ಕೆಲವೊಮ್ಮೆ ಬರುವುದನ್ನು ಹಿಂದೆಯೂ ಕಂಡಿದ್ದೆ. ಮೂರನೆಯ ಪ್ರಯತ್ನದಲ್ಲಿ ಅದು ಬಂತು. ಪರದೆಯ ಮೇಲೆ ಆ ನಾಲ್ಕು ಕೆಬಿಯನ್ನು ತೆರೆದಾಗ ಪ್ರತಿ ದಾಖಲೆಯ ತಲೆಯಲ್ಲಿರಬೇಕಾದ ಸಹಿ ನಾಲ್ಕೂ ಕಡೆ ಸರಿಯಾಗಿತ್ತು.

ಉಳಿದದ್ದು 2,12,992 ಬೈಟ್, ಅಂದರೆ ಐವತ್ತೆರಡು ಭೌತಿಕ ಸೆಕ್ಟರ್‌ಗಳು. ಇನ್ನೂ ಒತ್ತಾಯಿಸಬಹುದಿತ್ತು. ಎರಡು ಸುತ್ತುಗಳಲ್ಲಿ ಹೊಸದೇನೂ ಬಾರದೆ ಹೋದಾಗ ನಿಲ್ಲಿಸಿದೆ.

ಪ್ರತಿಯ ಮೇಲೆ ನಡೆದ ಕೆಲಸ

ಇಮೇಜಿನ ಇನ್ನೊಂದು ನಕಲು ಮಾಡಿ, ಆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿದೆ. ಕ್ರಿಸ್ತೋಫ್ ಗ್ರೆನಿಯೇ ಬರೆದ ಈ ಉಚಿತ ತಂತ್ರಾಂಶದಲ್ಲಿ ಎಂಎಫ್‌ಟಿಯನ್ನು ಅದರ ಪ್ರತಿಬಿಂಬದೊಂದಿಗೆ ಹೋಲಿಸಿ ಸರಿಪಡಿಸುವ ಆಯ್ಕೆಯಿದೆ. ಕಳೆದುಹೋದ ಮೊದಲ ನಾಲ್ಕು ದಾಖಲೆಗಳು ಪ್ರತಿಬಿಂಬದಿಂದ ತುಂಬಿದವು. ಅದಾದ ಮೇಲೆ ಫೋಲ್ಡರುಗಳು ವರ್ಷವಾರು ತೆರೆದುಕೊಂಡವು: "2009 ಆಟಿ", "2011 ಸೋಣ", "2016 ಮಠ". 585 ಧ್ವನಿ ಫೈಲುಗಳು ಹೆಸರು ಸಹಿತ ಬಂದವು.

ಯಾವ ಫೈಲಿಗೆ ಪೆಟ್ಟಾಗಿದೆ ಎಂಬುದು ಹೆಸರು ನೋಡಿದರೆ ತಿಳಿಯುವುದಿಲ್ಲ; ಓದಲಾಗದ ಜಾಗ ಇಮೇಜಿನಲ್ಲಿ ಸೊನ್ನೆಗಳಾಗಿ ಕೂತಿರುತ್ತದೆ. ಅದಕ್ಕೊಂದು ಉಪಾಯವಿದೆ. ಡಿಡಿರೆಸ್ಕ್ಯೂವಿಗೆ ಮ್ಯಾಪ್ ಫೈಲನ್ನೇ ಕೊಟ್ಟು, ಇಮೇಜಿನ ಮತ್ತೊಂದು ನಕಲಿನಲ್ಲಿ ಕೆಟ್ಟ ಸೆಕ್ಟರ್‌ಗಳನ್ನೆಲ್ಲ ನಾವು ಆರಿಸಿದ ಒಂದು ಪದದಿಂದ ತುಂಬಿಸಬಹುದು. ಆಮೇಲೆ ಎಲ್ಲ ಫೈಲುಗಳೊಳಗೆ ಆ ಪದವನ್ನು ಹುಡುಕಿದರೆ ಪೆಟ್ಟು ತಿಂದವು ಎದ್ದು ಬರುತ್ತವೆ. ಐವತ್ತೆರಡರಲ್ಲಿ ಹನ್ನೊಂದು ಸೆಕ್ಟರ್ ಫೈಲ್ ಪಟ್ಟಿಯಲ್ಲಿದ್ದವು, ಇಪ್ಪತ್ತೊಂಬತ್ತು ಖಾಲಿ ಜಾಗದಲ್ಲಿ, ಹನ್ನೆರಡು ಮಾತ್ರ ಆರು ಫೈಲುಗಳ ಒಳಗೆ. 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ಸೆಕೆಂಡಿಗೆ 16 ಸಾವಿರ ಬೈಟ್. ಒಂದು ಸೆಕ್ಟರ್ ಹೋದರೆ ಕಾಲು ಸೆಕೆಂಡಿನ ತಡೆ. ಮದುವೆಯ ವಿಡಿಯೊದಲ್ಲಿ ಒಂದು ಕಡೆ ಚಿತ್ರ ಚೌಕಳಿಯಾಗಿ ಒಡೆಯುತ್ತದೆ.

ಪಟ್ಟಿಯಲ್ಲೇ ಹೆಸರು ಕಳೆದುಕೊಂಡ ಉಳಿದ ಹತ್ತೊಂಬತ್ತಕ್ಕೆ ಫೋಟೋರೆಕ್ ಎಂಬ ಇನ್ನೊಂದು ತಂತ್ರಾಂಶ ಬೇಕಾಯಿತು. ಅದು ಪಟ್ಟಿಯನ್ನು ನೋಡುವುದೇ ಇಲ್ಲ. ಫೈಲಿನ ಆರಂಭದ ಗುರುತನ್ನೇ ಹುಡುಕಿಕೊಂಡು ಹೋಗುತ್ತದೆ, ವೇವ್ ಫೈಲಾದರೆ ರಿಫ್ ಎಂಬ ನಾಲ್ಕಕ್ಷರ, ಜೆಪೆಗ್ ಫೋಟೋವಾದರೆ ಎಫ್‌ಎಫ್ ಡಿ8 ಎಫ್‌ಎಫ್. ಫೈಲ್ ತುಂಡುತುಂಡಾಗಿ ಹರಡಿದ್ದರೆ ಈ ವಿಧಾನ ಸೋಲುತ್ತದೆ. ಮಾಷ್ಟ್ರು ಪ್ರತಿ ಸಲ ರೆಕಾರ್ಡರ್ ತುಂಬಿದ ಮೇಲೆ ಒಟ್ಟಿಗೆ ಹಾಕುತ್ತಿದ್ದುದರಿಂದ, ಅಳಿಸುವುದು ಬರೆಯುವುದು ಈ ಡಿಸ್ಕಿನಲ್ಲಿ ಹೆಚ್ಚು ನಡೆಯದೆ, ಫೈಲುಗಳು ಅಖಂಡವಾಗಿದ್ದವು. ಹತ್ತೊಂಬತ್ತೂ ಸಿಕ್ಕವು, ಹೆಸರಿಲ್ಲದೆ, ತಾರೀಕಿಲ್ಲದೆ, ಬರೀ ಸಂಖ್ಯೆಗಳಾಗಿ.

ಹೆಸರು ಹಚ್ಚುವ ಕೆಲಸಕ್ಕೆ ಮಾಷ್ಟ್ರು ಮೂರು ಮಧ್ಯಾಹ್ನ ಅಂಗಡಿಗೆ ಬಂದು ಹೆಡ್‌ಫೋನ್ ಹಾಕಿ ಕುಳಿತರು. ಹೆಚ್ಚಿನವನ್ನು ಅರ್ಧ ನಿಮಿಷದೊಳಗೆ ಹೇಳಿದರು: ಭಾಗವತರ ಸ್ವರದಿಂದ ಪ್ರಸಂಗ, ಮದ್ದಳೆಯ ನಾದದಿಂದ ಆ ವರ್ಷದ ಮದ್ದಳೆಗಾರರು, ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನಿಂದ ಯಾವ ಮನೆಯ ಚಾವಡಿ. ನಾನು ಅವರು ಹೇಳಿದಂತೆ ಹೆಸರು ಟೈಪ್ ಮಾಡಿದೆ. ಕಾಲು ಸೆಕೆಂಡು ಕಡಿದುಹೋದ ಕಡೆಗಳಲ್ಲಿ ಹಿಂದುಮುಂದಿನ ಸ್ವರವನ್ನು ಎಳೆದು ಮುಚ್ಚಲೇ ಎಂದು ಕೇಳಿದಾಗ ಬೇಡ ಎಂದರು. "ಅವರು ಆಡದ್ದನ್ನು ನಾವು ಸೇರಿಸುದು ಬೇಡ ಮಾರಾಯ್ರೆ" ಎಂದರು.

ಎಲ್ಲವನ್ನೂ ಎರಡು ಹೊಸ ಡಿಸ್ಕುಗಳಿಗೆ ಹಾಕಿ, ನಕಲು ಸರಿಯಾಗಿದೆಯೇ ಎಂದು ಪ್ರತಿ ಫೈಲಿನ ಚೆಕ್‌ಸಮ್ ತಾಳೆ ನೋಡಿ, ಒಂದನ್ನು ಮಾಷ್ಟ್ರ ಕೈಗೂ ಇನ್ನೊಂದನ್ನು ಮಂಗಳೂರಿನ ಕದ್ರಿಯಲ್ಲಿರುವ ಅವರ ಮಗಳ ಕೈಗೂ ಕೊಟ್ಟೆ. ಎರಡಕ್ಕೂ ಗಿಡ್ಡ, ದಪ್ಪ ಕೇಬಲುಗಳನ್ನು ದಾರದಿಂದ ಕಟ್ಟಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟೆ. ಹಳೆಯ ಡಿಸ್ಕನ್ನು ಅದರ ಕಿಲುಬು ಹಿಡಿದ ಬೋರ್ಡಿನ ಸಮೇತ, "ಜೋಡಿಸಬಾರದು" ಎಂದು ಬರೆದ ಚೀಟಿ ಅಂಟಿಸಿ ಹಿಂದಿರುಗಿಸಿದೆ.

ಹತ್ತೊಂಬತ್ತರಲ್ಲಿ ಒಂದಕ್ಕೆ ಮಾತ್ರ ಹೆಸರು ಸಿಕ್ಕಿರಲಿಲ್ಲ. ಮಾಷ್ಟ್ರು ಅದನ್ನು ಮೊಬೈಲಿಗೆ ಹಾಕಿಸಿಕೊಂಡು ಹೋಗಿದ್ದರು. ಹತ್ತು ದಿನ ಕಳೆದು ಫೋನ್ ಮಾಡಿದರು. ಎರಡನೆಯ ಗಂಟೆಯ ಕೊನೆಯಲ್ಲಿ, ಪದ್ಯದ ನಡುವೆ, ಯಾರೋ ಮೆಲ್ಲಗೆ ಚಾ ಬೇಕೇ ಎಂದು ಕೇಳುವುದು ದಾಖಲಾಗಿತ್ತಂತೆ. ಆ ಸ್ವರ ತೀರಿಹೋದ ತಮ್ಮ ಅಕ್ಕನದ್ದೆಂದು ಅವರಿಗೆ ಗೊತ್ತಾಯಿತು. ಹಾಗಾದರೆ ಕೂಟ ನಡೆದದ್ದು ಅಕ್ಕನ ಮನೆಯಲ್ಲಿ, ಅಲ್ಲಿ ತಾಳಮದ್ದಳೆ ಆದದ್ದು ಒಂದೇ ಸಲ, 2011ರಲ್ಲಿ. ಮರುದಿನ ಎರಡೂ ಡಿಸ್ಕುಗಳಲ್ಲಿ ಆ ಫೈಲಿನ ಹೆಸರು ಬದಲಿಸುವುದು ಹೇಗೆಂದು ಅವರಿಗೂ ಅವರ ಮಗಳಿಗೂ ಫೋನಿನಲ್ಲೇ ಹೇಳಿಕೊಟ್ಟೆ.